ಮಗಳು ಬರುವ ಮೊದಲು ಮಗಳ ಕಾಲು

ಬೆಳಗಿನ ಆರು ಗಂಟೆಗೆ ಇನ್ನೂ ಹತ್ತು ನಿಮಿಷವಿದೆ. ಆಸ್ಪತ್ರೆಯ ನೆಲಮಾಳಿಗೆಯ ಕೊನೆಯ ಕೋಣೆಯಲ್ಲಿ ಆಗಲೇ ದೀಪ ಹೊತ್ತಿಕೊಂಡಿದೆ. ಗೋಡೆಗೆ ಸಾಲಾಗಿ ಕಾಲುಗಳು ನೇತಾಡುತ್ತಿವೆ. ಉದ್ದದವು, ಮೋಟು, ಇನ್ನೂ ಪಾದ ಜೋಡಿಸದವು. ಅವುಗಳ ಕೆಳಗೆ ಗಿಡ್ಡ ಸ್ಟೂಲಿನ ಮೇಲೆ ಕುಳಿತ ನಲವತ್ತಾರರ ವ್ಯಕ್ತಿಯೊಬ್ಬರು ಮೊಣಕಾಲುಗಳ ನಡುವೆ ಪ್ಲಾಸ್ಟರಿನ ಅಚ್ಚೊಂದನ್ನು ಇರುಕಿಸಿಕೊಂಡು ಅರದಿಂದ ಉಜ್ಜುತ್ತಿದ್ದಾರೆ. ಎರಡು ಸಲ ಉಜ್ಜಿ, ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ ಸವರಿ ನೋಡುತ್ತಾರೆ. ಮತ್ತೆ ಒಂದು ಸಲ ಉಜ್ಜುತ್ತಾರೆ. ಹುಬ್ಬು, ಮೀಸೆ, ರೆಪ್ಪೆ, ಎಲ್ಲದರ ಮೇಲೂ ಬಿಳಿ ಪುಡಿ.

"ಕಣ್ಣು ಬಿಟ್ಕೊಂಡು ನೋಡಿದ್ರೆ ಎಲ್ಲಾ ಸರಿಯಾಗೇ ಕಾಣುತ್ತೆ. ಕಣ್ಣು ಮುಚ್ಚಿ ಸವರಿದ್ರೆ ಗೊತ್ತಾಗುತ್ತೆ ಎಲ್ಲಿ ಚುಚ್ಚುತ್ತೆ ಅಂತ" ಎನ್ನುತ್ತಾರೆ.

ಕಾವಲುಗಾರರಿಂದ ಹಿಡಿದು ಹಿರಿಯ ವೈದ್ಯರವರೆಗೆ ಎಲ್ಲರಿಗೂ ಇವರು 'ಕಾಲ್ಮೇಸ್ತ್ರಿ'. ಹೊಸದಾಗಿ ಸೇರಿದ ಡಾಕ್ಟರೊಬ್ಬರು ಅದೇ ಇವರ ಹೆಸರೆಂದು ತಿಳಿದು ಚೀಟಿಯ ಮೇಲೆ 'ಶ್ರೀ ಕಾಲ್ಮೇಸ್ತ್ರಿಯವರಿಗೆ' ಎಂದು ಬರೆದು ಕಳಿಸಿದ್ದರಂತೆ. ಆ ಚೀಟಿ ಇನ್ನೂ ಅರಗಳ ಡಬ್ಬಿಯಲ್ಲಿದೆ.

ಇಪ್ಪತ್ತಮೂರು ವರ್ಷದಿಂದ ಇದೇ ಕೋಣೆ. ವಾರಕ್ಕೆ ನಾಲ್ಕು ಹೊಸ ಕೃತಕ ಕಾಲು, ದಿನಕ್ಕೆ ಹತ್ತು ಹನ್ನೆರಡು ರಿಪೇರಿ. ಪಟ್ಟಿ ಸಡಿಲವಾಯಿತು, ತಿರುಪು ಬಿತ್ತು, ಪಾದ ಸವೆಯಿತು ಎಂದು ಜನ ಬರುತ್ತಲೇ ಇರುತ್ತಾರೆ. ಇದುವರೆಗೆ ನಾಲ್ಕು ಸಾವಿರ ಕಾಲು ದಾಟಿರಬಹುದು. ದೊಡ್ಡವರ ಕಾಲು ಮೂರ್ನಾಲ್ಕು ವರ್ಷ ಬಾಳುತ್ತದೆ. ಮಕ್ಕಳದು ಹಾಗಲ್ಲ, ವರ್ಷ ತುಂಬುವುದರೊಳಗೆ ಬಿಗಿಯಾಗುತ್ತದೆ. ಇವರ ಕಾಲು ತೊಟ್ಟ ಹುಡುಗಿಯೊಬ್ಬಳು ಓಟದಲ್ಲಿ ಪದಕ ಗೆದ್ದಾಗ ಪತ್ರಿಕೆಯಲ್ಲಿ ದೊಡ್ಡ ಫೋಟೋ ಬಂದಿತ್ತು. ಅದರಲ್ಲಿ ತರಬೇತುದಾರರಿದ್ದರು, ಆಸ್ಪತ್ರೆಯ ಮುಖ್ಯಸ್ಥರಿದ್ದರು. ಇವರಿರಲಿಲ್ಲ. ಬೇಸರವಾಗಲಿಲ್ಲವೇ ಎಂದರೆ, "ಕಾಲು ಬಂದಿತ್ತಲ್ಲ ಫೋಟೋದಲ್ಲಿ" ಎಂದು ನಗುತ್ತಾರೆ.

ಈ ಬೆಳಿಗ್ಗೆ ಅವರು ಉಜ್ಜುತ್ತಿರುವ ಅಚ್ಚು ಮಾತ್ರ ಆಸ್ಪತ್ರೆಯ ಯಾವ ರೋಗಿಯದೂ ಅಲ್ಲ. ಅದಕ್ಕೇ ಕೆಲಸದ ಹೊತ್ತು ಶುರುವಾಗುವ ಮುಂಚೆ ಬಂದಿದ್ದಾರೆ. ಇದು ಸಮುದ್ರದ ಆಚೆಯ ದೇಶವೊಂದರಲ್ಲಿ, ಮಕ್ಕಳ ಮನೆಯೊಂದರಲ್ಲಿ ಬೆಳೆಯುತ್ತಿರುವ ಐದು ವರ್ಷದ ಹುಡುಗಿಯ ಎಡಗಾಲಿನದು. ಮೇಸ್ತ್ರಿ ಮತ್ತು ಅವರ ಹೆಂಡತಿ ಅವಳನ್ನು ದತ್ತು ತೆಗೆದುಕೊಳ್ಳಲು ಕಾಯುತ್ತಿದ್ದಾರೆ. ಎರಡು ದೇಶದ ಕಚೇರಿಗಳು, ಒಂದು ನ್ಯಾಯಾಲಯ, ಲೆಕ್ಕವಿಲ್ಲದಷ್ಟು ಮುದ್ರೆಗಳು ಅವರ ಮತ್ತು ಆ ಮಗುವಿನ ನಡುವೆ ನಿಂತಿವೆ.

ಮದುವೆಯಾಗಿ ಹದಿನೆಂಟು ವರ್ಷ. ಹೆಂಡತಿ ಪುಟ್ಟ ಮಕ್ಕಳ ಶಾಲೆಯಲ್ಲಿ ಟೀಚರ್. ದಿನವಿಡೀ ಮೂವತ್ತು ಮಕ್ಕಳ ನಡುವೆ ಇದ್ದು, ಸಂಜೆ ಸದ್ದಿಲ್ಲದ ಮನೆಗೆ ಬರುತ್ತಿದ್ದರು. ಭಾನುವಾರ ಚರ್ಚಿನ ಆರಾಧನೆಯನ್ನು ಗಂಡ ಹೆಂಡತಿ ಇಬ್ಬರೂ ತಪ್ಪಿಸುವವರಲ್ಲ. ಎಷ್ಟೋ ವರ್ಷ ಅವರ ಪ್ರಾರ್ಥನೆ ಒಂದೇ ಆಗಿತ್ತು.

"ದೇವರ ಹತ್ರ 'ಕೊಡು, ಕೊಡು' ಅಂತ ಕೇಳಿ ಕೇಳಿ ನನಗೇ ಸಾಕಾಗಿತ್ತು" ಎನ್ನುತ್ತಾರೆ ಟೀಚರ್. "ಒಂದು ಭಾನುವಾರ ಮಾತು ತಿರುಗಿಸ್ದೆ. ನಾವು ಯಾರಿಗೆ ಬೇಕಾಗಿದೀವಿ ಅಂತ ತೋರಿಸಪ್ಪಾ, ಅಂದೆ."

ಆರು ವರ್ಷದ ಹಿಂದೆ ಅರ್ಜಿ ಹಾಕಿದರು. ಮೂರೂವರೆ ವರ್ಷ ಏನೂ ಆಗಲಿಲ್ಲ. ಒಂದು ದಿನ ದತ್ತು ಸಂಸ್ಥೆಯ ಅಧಿಕಾರಿ ಇವರನ್ನು ಕರೆದು, ಇದುವರೆಗೆ ಯಾರೂ ಕೇಳದ ಮಕ್ಕಳ ಪಟ್ಟಿಯನ್ನು ಮುಂದಿಟ್ಟರು. ಮೂರನೆಯ ಹಾಳೆಯಲ್ಲಿ ಕುರ್ಚಿ ಹಿಡಿದು ನಿಂತ ಹುಡುಗಿಯ ಚಿತ್ರವಿತ್ತು. ಹುಟ್ಟಿದಾಗಿನಿಂದಲೇ ಎಡ ಮೊಣಕಾಲಿನ ಕೆಳಗೆ ಕಾಲಿಲ್ಲ. ಯಾರೋ ದಾನವಾಗಿ ಕೊಟ್ಟ ಕೃತಕ ಕಾಲು ತೊಟ್ಟಿದ್ದಳು.

"ಇವರು ಕಾಲು ನೋಡಿದ್ರು. 'ಎರಡು ಬೆರಳಷ್ಟು ಗಿಡ್ಡ ಇದೆ, ಸೊಂಟ ನೋಯುತ್ತೆ ಮಗೂಗೆ' ಅಂದ್ರು. ನಾನು ಮುಖ ನೋಡ್ದೆ. ಆಮೇಲೆ ನಾಲ್ಕನೇ ಹಾಳೆ ತಿರುಗಿಸೋಕೆ ಇಬ್ಬರಿಗೂ ಕೈ ಬರಲಿಲ್ಲ" ಎನ್ನುತ್ತಾರೆ ಟೀಚರ್.

ಮನೆಯಲ್ಲಿ ಒಬ್ಬರಿಗೆ ಇದು ಹಿಡಿಸಲಿಲ್ಲ. ಜೊತೆಯಲ್ಲೇ ಇರುವ ಟೀಚರ್ ಅವರ ತಾಯಿ, ಅಂದರೆ ಮೇಸ್ತ್ರಿಯ ಅತ್ತೆ, ನೇರವಾಗಿಯೇ ಕೇಳಿದರು: "ಅಳಿಯಂದ್ರೇ, ನಮ್ಮಲ್ಲಿ ಮಕ್ಕಳಿಗೇನು ಬರವಾ? ನಮ್ಮ ಭಾಷೆ ಬರದ ಮಗೂನ ತಂದು ನಾನು ಏನಂತ ಮುದ್ದು ಮಾಡ್ಲಿ?" ಮೇಸ್ತ್ರಿ ವಾದಕ್ಕೆ ಇಳಿಯಲಿಲ್ಲ. ಚಿತ್ರವನ್ನು ಅತ್ತೆಯ ಬೈಬಲ್ಲಿನ ಪಕ್ಕದಲ್ಲಿಟ್ಟು ಕೆಲಸಕ್ಕೆ ಹೋದರು. ಸಂಜೆ ಬಂದು ನೋಡಿದರೆ ಚಿತ್ರ ಬೈಬಲ್ಲಿನ ಒಳಗಿತ್ತು.

ಎರಡು ವರ್ಷದ ಹಿಂದೆ ಗಂಡ ಹೆಂಡತಿ ಮಗುವನ್ನು ನೋಡಲು ಹೋದರು. ಹತ್ತು ದಿನದ ಭೇಟಿ. ಹೊರಡುವ ಮುನ್ನ ಇಬ್ಬರೂ ಆ ದೇಶದ ಭಾಷೆಯಲ್ಲಿ ಒಂದಿಷ್ಟು ಮಾತು ಕಲಿತಿದ್ದರು. ಟೀಚರ್ ಮೊದಲು ಕಲಿತದ್ದು 'ಬಾ'. ಮೇಸ್ತ್ರಿ ಕಲಿತದ್ದು 'ನೋಯುತ್ತಾ?' ಹುಡುಗಿ ಮಾತ್ರ ಎಲ್ಲದಕ್ಕೂ ಒಂದೇ ಉತ್ತರ ಕೊಟ್ಟಳು. ಬೊಂಬೆ ಕೊಟ್ಟರೆ ಬೇಡ, ಚಾಕಲೇಟು ಬೇಡ, ತೊಡೆಯ ಮೇಲೆ ಕೂರಿಸಿಕೊಳ್ಳಲು ಹೋದರೆ ಬೇಡವೇ ಬೇಡ. ಅಂದಿನಿಂದ ಅವಳು ಇವರ ಬಾಯಲ್ಲಿ 'ಬೇಡಮ್ಮ'.

ನಾಲ್ಕನೆಯ ದಿನ ಬೇಡಮ್ಮ ಅಂಗಳದಲ್ಲಿ ಬಿದ್ದಳು. ಎತ್ತಿಕೊಂಡ ಮೇಸ್ತ್ರಿ ಕೃತಕ ಕಾಲನ್ನು ಬಿಚ್ಚಿ ನೋಡಿದರೆ ಒಳಗೆ ಚರ್ಮ ಕಿತ್ತುಬಂದಿತ್ತು. ಹೊಸ ಕಾಲಿಗೆ ಅಳತೆ ತೆಗೆಯುತ್ತೇನೆ ಎಂದು ಕೇಳಿದರು. ಮಕ್ಕಳ ಮನೆಯ ಮುಖ್ಯಸ್ಥೆ ಒಳ್ಳೆಯ ಹೆಂಗಸು, ಆದರೂ ಆಗದೆಂದು ತಲೆ ಆಡಿಸಿದರು. ಕಾನೂನಿನ ಪ್ರಕಾರ ನೀವಿನ್ನೂ ತಂದೆಯಲ್ಲ, ಮಗುವಿನ ಮೈ ಮುಟ್ಟಿ ಚಿಕಿತ್ಸೆ ಮಾಡಲು ನಿಮಗೆ ಅಧಿಕಾರವಿಲ್ಲ ಎಂದರು. ಮೇಸ್ತ್ರಿ ಜೇಬಿನಿಂದ ಆಸ್ಪತ್ರೆಯ ಗುರುತಿನ ಚೀಟಿ ತೆಗೆದು ಮೇಜಿನ ಮೇಲಿಟ್ಟರು.

"ಅಪ್ಪ ಅಂತ ಕೇಳ್ತಿಲ್ಲ, ಕಾಲು ಮಾಡೋನು ಅಂತ ಕೇಳ್ತಿದೀನಿ ಅಂದೆ. ಅವರು ಎಲ್ಲಿಗೋ ಫೋನ್ ಮಾಡಿದ್ರು. ಮೇಸ್ತ್ರಿಗೆ ಒಂದು ಗಂಟೇಲಿ ಅನುಮತಿ ಸಿಕ್ತು. ಅಪ್ಪನಿಗೆ ಎರಡು ವರ್ಷ ಆದ್ರೂ ಸಿಕ್ಕಿಲ್ಲ ನೋಡಿ" ಎನ್ನುತ್ತಾರೆ. ದನಿಯಲ್ಲಿ ಕಹಿಯಿಲ್ಲ.

ಅಲ್ಲಿನ ಅಡುಗೆಮನೆಯಲ್ಲಿ, ಬಕೆಟ್ಟಿನ ಬಿಸಿನೀರಿನಲ್ಲಿ ಪ್ಲಾಸ್ಟರ್ ಪಟ್ಟಿ ನೆನೆಸಿ ಅಳತೆ ತೆಗೆದರು. ಪಟ್ಟಿ ಒಣಗುವವರೆಗೆ ಮಗು ಅಲುಗಾಡುವಂತಿಲ್ಲ. ಟೀಚರ್ ಹಾಡು ಹೇಳಿದರು. ಬೇಡಮ್ಮ ಹಾಡೂ ಬೇಡ ಎಂದಳು. ಕೊನೆಗೆ ಮೇಸ್ತ್ರಿ ಒದ್ದೆ ಪ್ಲಾಸ್ಟರನ್ನು ತಮ್ಮ ಮೂಗಿಗೆ ಮೆತ್ತಿಕೊಂಡರು. ಮಗು ಕಣ್ಣರಳಿಸಿ ನೋಡಿ, ತನ್ನ ಮೂಗನ್ನು ಮುಂದೆ ಚಾಚಿತು. ಅವಳು ಅವರಿಂದ ತಾನಾಗಿ ಕೇಳಿಕೊಂಡ ಮೊದಲ ವಸ್ತು ಅದು.

ಅಲ್ಲಿಂದೀಚೆಗೆ ಮೂರು ಕಾಲು ಕಳಿಸಿದ್ದಾರೆ. ಮೊದಲನೆಯದು ಸರಿಹೋಗಲಿಲ್ಲ. ಪ್ರತಿ ಶನಿವಾರ ಮಧ್ಯಾಹ್ನ ನಡೆಯುವ ವಿಡಿಯೋ ಕರೆಯೊಂದರಲ್ಲಿ ಅಲ್ಲಿನ ಆಯಾ ಕೆಂಪಗಾದ ಜಾಗ ತೋರಿಸಿದರು. ಇಲ್ಲಿ ಮೇಸ್ತ್ರಿ ಅದೇ ಅಳತೆಯ ಅಚ್ಚು ಹಿಡಿದು, ಎಲ್ಲಿ ಎಷ್ಟು ದಪ್ಪದ ತೊಗಲು ಅಂಟಿಸಬೇಕೆಂದು ಬೆರಳಿಟ್ಟು ತೋರಿಸಿದರು. ಈಗ ಆ ಆಯಾ ಅರ್ಧ ಮೇಸ್ತ್ರಿಯೇ ಆಗಿದ್ದಾರೆ. ನಾಲ್ಕನೆಯ ಕಾಲಿನ ಅಳತೆಯನ್ನು ಅವರೇ ತೆಗೆದು ಕಳಿಸಿದ್ದಾರೆ.

ಕಾಗದಪತ್ರಗಳ ಓಟ ಇಷ್ಟು ಸಲೀಸಾಗಿಲ್ಲ. ಅಲ್ಲಿನ ನ್ಯಾಯಾಲಯ ಮೂರು ಸಲ ವಿಚಾರಣೆ ಮುಂದೂಡಿದೆ. ಒಮ್ಮೆ ನ್ಯಾಯಾಧೀಶರಿಗೆ ವರ್ಗವಾಯಿತು, ಒಮ್ಮೆ ಒಂದು ಮುದ್ರೆ ಕಡಿಮೆಯಿತ್ತು, ಒಮ್ಮೆ ಕಾರಣವನ್ನೇ ಹೇಳಲಿಲ್ಲ. ಪ್ರತಿ ಸಲವೂ ಅಷ್ಟರೊಳಗೆ ಪೊಲೀಸರ ಪತ್ರ, ವೈದ್ಯರ ಪತ್ರ, ಚರ್ಚಿನ ಪತ್ರ ಎಲ್ಲದರ ಅವಧಿ ಮುಗಿದಿರುತ್ತದೆ. ಇವರು ಸಜ್ಜನರೆಂದು ಐದನೆಯ ಬಾರಿ ಬರೆದುಕೊಟ್ಟ ಪಾದ್ರಿಗಳು, "ನಿಮ್ಮ ಒಳ್ಳೇತನಕ್ಕೆ ಆರೇ ತಿಂಗಳು ವಾಯಿದೆ ನೋಡಿ. ಆಮೇಲೆ ನೀವು ಹೇಗೋ ಏನೋ" ಎಂದು ನಕ್ಕರಂತೆ.

ಮೂರನೆಯ ಮುಂದೂಡಿಕೆಯಾದಾಗ ಕಚೇರಿಯೊಂದರಲ್ಲಿ ಯಾರೋ, ಬೇರೆ ದೇಶದ ಬೇರೆ ಮಗುವನ್ನು ನೋಡಬಾರದೇ, ಬೇಗ ಆಗುತ್ತದೆ ಎಂದು ಸಲಹೆ ಕೊಟ್ಟರು. ಟೀಚರ್ ಅಂದು ಮನೆಗೆ ಬಂದು ಅನ್ನ ನೀರು ಮುಟ್ಟಲಿಲ್ಲ. ಅಂದು ಮಾತಾಡಿದ್ದು ಅತ್ತೆ. "ಅಳತೆ ಸರಿಯಿಲ್ಲ ಅಂತ ಬದಲಾಯಿಸೋಕೆ ಅವಳೇನು ಅಂಗಡಿ ಚಪ್ಪಲಿನಾ? ನನ್ನ ಮೊಮ್ಮಗಳು ಅವಳು. ಏಳು, ಮುಖ ತೊಳ್ಕೊ" ಎಂದು ಮಗಳನ್ನು ಗದರಿಸಿದರು. ಆ ಭಾಷೆಯಲ್ಲಿ ಈಗ ಮನೆಯವರೆಲ್ಲರಿಗಿಂತ ಹೆಚ್ಚು ಮಾತು ಬರುವುದು ಈ ಅಜ್ಜಿಗೇ. ಶನಿವಾರದ ಕರೆಯ ಅರ್ಧ ಹೊತ್ತು ಅಜ್ಜಿ ಮೊಮ್ಮಗಳ ಜಗಳಕ್ಕೇ ಹೋಗುತ್ತದೆ.

ಇಂದು ಬುಧವಾರ, ನಾಲ್ಕನೆಯ ವಿಚಾರಣೆ. ಎಂಟು ಗಂಟೆಗೆ ಮೇಸ್ತ್ರಿ ಮಗಳ ಅಚ್ಚನ್ನು ಬಟ್ಟೆಯಲ್ಲಿ ಸುತ್ತಿ ಬದಿಗಿಟ್ಟು, ದಿನದ ಕೆಲಸಕ್ಕೆ ತೊಡಗುತ್ತಾರೆ. ಹನ್ನೊಂದರ ಹೊತ್ತಿಗೆ, ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಂಡ ಅಜ್ಜಿಯೊಬ್ಬರು ಆಸರೆಯ ಕಂಬಿಗಳ ನಡುವೆ ನಿಂತು ಹೊಸ ಕಾಲಿನ ಮೊದಲ ಹೆಜ್ಜೆಗೆ ಧೈರ್ಯ ತಂದುಕೊಳ್ಳುತ್ತಿದ್ದಾರೆ. ಆಗ ಬಾಗಿಲಲ್ಲಿ ಟೀಚರ್ ಕಾಣಿಸಿಕೊಳ್ಳುತ್ತಾರೆ. ಓಡಿ ಬಂದಿದ್ದಾರೆ, ಬೆರಳಿಗೆ ಇನ್ನೂ ಸೀಮೆಸುಣ್ಣ ಮೆತ್ತಿಕೊಂಡಿದೆ.

"ರೀ..."

"ಒಂದು ನಿಮಿಷ ಇರು. ಅಜ್ಜಿ ನಿಂತಿದಾರೆ."

ಟೀಚರ್ ಬಾಗಿಲಿಗೆ ಒರಗಿ ಕಾಯುತ್ತಾರೆ. ಕಾಯುವುದು ಅವರಿಗೆ ಹೊಸದಲ್ಲ. ಅಜ್ಜಿ ಒಂದು, ಎರಡು, ಹೀಗೆ ಆರು ಹೆಜ್ಜೆ ಇಟ್ಟು ಕುರ್ಚಿಯಲ್ಲಿ ಕೂರುತ್ತಾರೆ. ಮೇಸ್ತ್ರಿ ತಿರುಗಿ ಹೆಂಡತಿಯ ಮುಖ ನೋಡುತ್ತಾರೆ.

"ಆಯ್ತು ರೀ. ಒಪ್ಪಿದ್ರು. ಮೂವತ್ತು ದಿನ ಯಾರೂ ತಕರಾರು ತೆಗೀದೆ ಇದ್ರೆ ಮುಗೀತು. ಆಮೇಲೆ ಪಾಸ್‌ಪೋರ್ಟು, ಆಮೇಲೆ ಕರ್ಕೊಂಡು ಬರೋದೇ."

ಮೇಸ್ತ್ರಿ ನಿಂತಲ್ಲೇ ನೆಲಕ್ಕೆ ಕುಸಿದು ಕೂರುತ್ತಾರೆ. ಅಜ್ಜಿಗೆ ಗಾಬರಿ. "ಏನಪ್ಪಾ, ನನ್ನ ಕಾಲೇನಾದ್ರೂ ಮುರೀತಾ?"

"ಇಲ್ಲ ಅಜ್ಜಿ. ಮಗಳಾದ್ಳು ನಮಗೆ."

"ಅಯ್ಯೋ, ಒಳ್ಳೇದಾಯ್ತು. ಎಷ್ಟು ತೂಕ ಇದಾಳೆ?"

"ಹದಿನಾರು ಕೆಜಿ" ಎನ್ನುತ್ತಾರೆ ಮೇಸ್ತ್ರಿ. ಅಜ್ಜಿ ಬಾಯಿ ತೆರೆದು ನೋಡುತ್ತಾರೆ. ಟೀಚರ್ ಮೊದಲು ನಗುತ್ತಾರೆ, ಆಮೇಲೆ ಅಳುತ್ತಾರೆ. ಇಬ್ಬರೂ ಅಲ್ಲೇ, ಆ ಬಿಳಿ ಪುಡಿಯ ನೆಲದ ಮೇಲೆ, ತಲೆ ಬಗ್ಗಿಸಿ ಒಂದು ಸಣ್ಣ ಪ್ರಾರ್ಥನೆ ಹೇಳುತ್ತಾರೆ. ಆ ಪ್ರಾರ್ಥನೆಯಲ್ಲಿ, ಎಲ್ಲೋ ಇರುವ, ಯಾರೆಂದು ತಿಳಿಯದ ಹೆತ್ತ ತಾಯಿಗೂ ಒಂದು ಮಾತಿದೆ. ಅದು ಪ್ರತಿದಿನವೂ ಇರುತ್ತದೆಯಂತೆ.

ಮಧ್ಯಾಹ್ನ ಇನ್ನೂ ಮೂವರು ಕಾದಿದ್ದಾರೆ. ಒಬ್ಬರ ಪಟ್ಟಿ, ಒಬ್ಬರ ತಿರುಪು, ಒಬ್ಬರಿಗೆ ಹೊಸ ಅಳತೆ. ಎಲ್ಲ ಮುಗಿದ ಮೇಲೆ ಮೇಸ್ತ್ರಿ ಸುತ್ತಿದ ಬಟ್ಟೆ ಬಿಚ್ಚಿ ಅಚ್ಚನ್ನು ಮತ್ತೆ ಕೈಗೆತ್ತಿಕೊಳ್ಳುತ್ತಾರೆ. ಈ ಕಾಲನ್ನು ಅಂಚೆಯಲ್ಲಿ ಕಳಿಸುವುದಿಲ್ಲ, ತಾವೇ ಒಯ್ದು ತೊಡಿಸುತ್ತಾರೆ. ಮಗಳು ಬಂದಮೇಲೆ ಏನು ಆಸೆ ಎಂದು ಕೇಳಿದರೆ, ಅರವನ್ನು ಕೆಳಗಿಡುತ್ತಾರೆ.

"ಓಟದಲ್ಲಿ ಗೆಲ್ಲಬೇಕು, ಪದಕ ತರಬೇಕು ಅಂತೆಲ್ಲ ಇಲ್ಲ. ಒಂದಿನ ನನ್ನ ಮೇಲೆ ಸಿಟ್ಟು ಬರಬೇಕು ಅವಳಿಗೆ. ನಾನು ಏನೋ ಕೊಡಿಸಲ್ಲ ಅಂದಿರ್ತೀನಿ. ಧಪ ಧಪ ಕಾಲು ಅಪ್ಪಳಿಸ್ಕೊಂಡು ಒಳಗೆ ಹೋಗಿ ಬಾಗಿಲು ಹಾಕ್ಕೋಬೇಕು. ಎಲ್ಲರ ಮನೆ ಮಕ್ಕಳೂ ಹೋಗಲ್ವಾ, ಹಾಗೆ. ನಾನು ಹೊರಗೆ ನಿಂತು ಕಿವಿಗೊಟ್ಟು ಕೇಳ್ತೀನಿ. ಎರಡು ಕಾಲಿನ ಸದ್ದೂ ಒಂದೇ ಥರ ಇರುತ್ತೆ. ಅಷ್ಟು ಕೆಲಸ ನನಗೆ ಬರುತ್ತೆ."