ಸಾಸ್ಕಟೂನ್‌ಗೆ ತಂಡ ಬಂದರೆ

ಶುಕ್ರವಾರ ಬೆಳಿಗ್ಗೆ. ಕುವೈತಿನ ಎಗೈಲಾದ ಮಾಲ್‌ಗಳ ಶಟರ್ ಇನ್ನೂ ಎದ್ದಿಲ್ಲ, ಆದರೆ ಹೊರಗಿನ ಗಾಳಿ ಆಗಲೇ ಒಲೆಯ ಬಾಯಿಯ ಹಾಗೆ ಕಾದಿದೆ. ಸ್ಕೇಟಿಂಗ್ ಅಂಗಳದ ಹಿಂಬಾಗಿಲು ದಾಟಿದರೆ ಉಸಿರು ಹೊಗೆಯಾಗಿ ಕಾಣುತ್ತದೆ. ಉಣ್ಣೆಯ ಟೊಪ್ಪಿಯನ್ನು ಕಿವಿಯವರೆಗೆ ಎಳೆದುಕೊಂಡ ಶಾಹುಲ್ ಹಮೀದ್ ಮೊಣಕಾಲೂರಿ, ಕೈಗವಸು ಕಳಚಿ, ಅಂಗೈಯನ್ನು ಐಸ್ ಮೇಲೆ ಇಡುತ್ತಾರೆ. ಮಗುವಿನ ಜ್ವರ ನೋಡುವ ಹಾಗೆ.

ಬಂಟ್ವಾಳದ ಕಡೆಯವರು. ಕುವೈತಿಗೆ ಬಂದದ್ದು ಏಸಿ ರಿಪೇರಿಗೆ. ಈ ಅಂಗಳದ ತಣ್ಣನೆಯ ಪೈಪು ಸರಿಮಾಡಲು ಬಂದವರು ಇಲ್ಲೇ ಉಳಿದು ಹನ್ನೊಂದು ವರ್ಷ ಆಯಿತು. ಅವರ ಬಗ್ಗೆ ಬರೆಯಲು ಬಂದ ನನಗೆ ಹೇಳುತ್ತಾರೆ: "ಊರಿಗೆ ಹೋದಾಗ ಎಂತ ಕೆಲಸ ಅಂತ ಕೇಳ್ತಾರೆ. ಐಸ್ ಮಾಡುವುದು ಅಂದ್ರೆ, ಮೀನಿಗೆ ಹಾಕುವ ಐಸಾ ಅಂತಾರೆ. ಹೌದು ಅಂತ ಹೇಳಿ ಮುಗಿಸ್ತೇನೆ."

ದಿನಕ್ಕೆ ಏಳೆಂಟು ಬಾರಿ ಅವರು ಒಂದು ದೊಡ್ಡ ಗಾಡಿಯನ್ನು ಐಸ್ ಮೇಲೆ ಸುತ್ತಿಸುತ್ತಾರೆ. ಅದು ಮುಂದಿನಿಂದ ಗೀರುಗಳನ್ನು ಕೆರೆದು, ಹಿಂದಿನಿಂದ ಬಿಸಿನೀರು ಸುರಿದು ಬಟ್ಟೆಯಿಂದ ಒರೆಸುತ್ತದೆ. ಬಿಸಿನೀರೇ ಆಗಬೇಕು, ತಣ್ಣೀರು ಬೆಳ್ಳಗೆ ಕಟ್ಟುತ್ತದೆ, ಬಿಸಿನೀರು ಗಾಜಿನಂತೆ. ಒಂದೇ ನಿಯಮ: ಗಾಡಿ ನಡುವೆ ನಿಲ್ಲಬಾರದು.

ಈ ವಾರ ಅವರಿಗೆ ಊಟ ಸೇರುತ್ತಿಲ್ಲ. ಮಗಳು ಅಲೀಮಾಳ ಪ್ಲಸ್ ಟೂ ಈ ವರ್ಷ ಮುಗಿಯುತ್ತದೆ. ಕಾಲೇಜಿಗೆಂದು ಅವಳೂ ಹೆಂಡತಿ ಮುರ್ಶಿದಾರೂ ಮಂಗಳೂರಿಗೆ ಹೋದರೆ, ಇವರಿಗೆ ಅಬ್ಬಾಸಿಯಾದ ಬ್ಯಾಚುಲರ್ ರೂಮಿನಲ್ಲಿ ಒಂದು ಮಂಚ. ಇಲ್ಲಿ ವಾಸಿಸುವ ಪರವಾನಗಿಯಾದ ಇಕಾಮಾ ನವೀಕರಿಸಬೇಕಾದರೆ ಇನ್ನೆರಡು ವರ್ಷಕ್ಕೆ ಸಹಿ ಹಾಕಬೇಕು ಎಂದು ಕಫೀಲ್, ಅಂದರೆ ವೀಸಾ ಕೊಟ್ಟ ಧಣಿ, ಹೇಳಿದ್ದಾರೆ. ಉತ್ತರ ಇವತ್ತೇ, ಜುಮಾ ನಮಾಜಿನ ಮೊದಲು.

ತಡೆಯುತ್ತಿರುವುದು ಒಂದು ಮಾತು. ಶುಕ್ರವಾರ ಇಲ್ಲಿ ಐಸ್ ಹಾಕಿ ಆಡಲು ಬರುವ ಕೆನಡಾದವರಲ್ಲಿ ಡಗ್ ಎಂಬ ಎಂಜಿನಿಯರ್ ಒಬ್ಬರು. ಊರು ಸಾಸ್ಕಟೂನ್. ವೃತ್ತಿಪರ ಲೀಗ್ ಕೆನಡಾದ ಇನ್ನಷ್ಟು ಊರುಗಳಿಗೆ ತಂಡ ಕೊಡಬೇಕು, ಮೊದಲು ತನ್ನ ಊರಿಗೇ ಕೊಡಬೇಕು ಎಂಬುದು ಅವರ ಪ್ರತಿವಾರದ ಜಗಳ. "ತಂಡ ಬಂದರೆ ಹೊಸ ಅಂಗಳ ಬರುತ್ತದೆ, ಐಸ್ ಮಾಡುವವರು ಬೇಕಾಗುತ್ತದೆ. ನಿನ್ನ ಹೆಸರು ನಾನು ಹೇಳ್ತೇನೆ," ಎಂದಿದ್ದರು. ಅಲ್ಲಿಗೆ ಹೋದರೆ ಮೂವರೂ ಒಂದೇ ಮನೆಯಲ್ಲಿ, ಕಾಲೇಜೂ ಅಲ್ಲೇ.

"ಉಪ್ಪಾ, ಬಿ ರಿಯಲಿಸ್ಟಿಕ್ ಅಂತಾಳೆ ಮಗಳು. ಹುಚ್ಚು ಅಂತ ನನಗೂ ಗೊತ್ತುಂಟು. ಆದ್ರೂ ಬಾತ್ರೂಮಿಗೆ ಹೋದ್ರೂ ಫೋನ್ ತಕ್ಕೊಂಡು ಹೋಗ್ತೇನೆ, ಆ ಊರಿನ ಸುದ್ದಿ ಉಂಟಾ ಅಂತ."

ಮ್ಯಾನೇಜರ್ ಪಾಯಸ್ ಕಾಗದ ಹಿಡಿದು ಬರುತ್ತಾರೆ. "ಏನು ಕೆನಡಾದ ಮದುಮಗಾ, ಸೈನ್ ಹಾಕ್ತೀಯಾ, ಇಲ್ಲ ಹಿಮಕರಡಿ ಕರಿತದಾ?"

"ಆಟ ಮುಗೀಲಿ ಮಾರಾಯ್ರೆ."

ಆಟದ ನಡುವಿನ ಬಿಡುವು. ಶಾಹುಲ್ ಗಾಡಿ ಹತ್ತುತ್ತಾರೆ. ಆಟಗಾರರ ಬೆಂಚಿನಲ್ಲಿ ಜಗಳ ಶುರುವಾಗಿದೆ.

"ಮೂರು ಲಕ್ಷ ಜನರ ಊರು," ಟೊರೊಂಟೊದ ಆಟಗಾರನೊಬ್ಬ ನಗುತ್ತಾನೆ. "ಟಿಕೆಟ್ ಯಾರು ತಗೊಳ್ತಾರೆ, ಗೋಧಿ ತೆನೆಗಳಾ?"

"ಮರಳುಗಾಡಿನ ಲಾಸ್ ವೇಗಸ್‌ಗೆ ತಂಡ ಕೊಡಬಹುದು, ತಿಂಗಳುಗಟ್ಟಲೆ ಹೆಪ್ಪುಗಟ್ಟಿರುವ ನಮ್ಮೂರಿಗೆ ಬೇಡವಾ?" ಡಗ್ ಹೆಲ್ಮೆಟ್ ಕುಟ್ಟುತ್ತಾರೆ. ಅಷ್ಟರಲ್ಲಿ ಅವರ ಫೋನ್ ಬೆಳಗುತ್ತದೆ. ಓದುತ್ತಾರೆ. ಮುಖ ಇಳಿಯುತ್ತದೆ.

ಶಾಹುಲ್ ಅದನ್ನು ಕಾಣುತ್ತಾರೆ. ಅವರ ಕಾಲು ತಾನಾಗಿಯೇ ಬ್ರೇಕ್ ಮೇಲೆ ಹೋಗುತ್ತದೆ. ಗಾಡಿ ನಡು ಅಂಗಳದಲ್ಲಿ ನಿಂತುಬಿಡುತ್ತದೆ. ಬಿಸಿನೀರು ಒಂದೇ ಕಡೆ ಸುರಿಯುತ್ತಿದೆ.

"ಎಂತ ಮಾರಾಯಾ ನಿಲ್ಲಿಸಿದ್ದು! ಯಲ್ಲಾ, ಯಲ್ಲಾ, ಹೊರಡು!" ಪಾಯಸ್ ಕೂಗುವಷ್ಟರಲ್ಲಿ ಐಸ್ ಮೇಲೆ ಬೋಗುಣಿಯಷ್ಟು ಗುಂಡಿ. ಗ್ಯಾಲರಿಯಲ್ಲಿದ್ದ ನನಗೂ ಎದ್ದು ನಿಲ್ಲುವ ಹಾಗಾಯಿತು.

ಗಾಡಿ ಹೊರಗಿಟ್ಟು ಬಂದ ಶಾಹುಲ್ ಯಾರ ಮುಖವನ್ನೂ ನೋಡುವುದಿಲ್ಲ. ಕೆರೆದ ಐಸ್ ಪುಡಿಯನ್ನು ಬಕೆಟ್ಟಿನಲ್ಲಿ ತಂದು, ತಣ್ಣೀರಿನಲ್ಲಿ ಕಲಸಿ, ಗುಂಡಿಗೆ ತುಂಬಿ ಗಾರೆ ಮೆತ್ತುವ ಹಾಗೆ ಒತ್ತುತ್ತಾರೆ. ಡಗ್ ಬಂದು ಪಕ್ಕದಲ್ಲಿ ಮೊಣಕಾಲೂರುತ್ತಾರೆ.

"ಅಣ್ಣನ ಮೆಸೇಜು. ಲೀಗ್‌ನಲ್ಲಿ ನಮ್ಮೂರಿನ ಮಾತೇ ಸದ್ಯಕ್ಕೆ ಇಲ್ಲವಂತೆ. ಕಾಯಬೇಕು, ಶಾಹುಲ್."

"ಎಷ್ಟು ಕಾಲ?"

"ನಮ್ಮಪ್ಪ ಕಾಯ್ತಾ ಕಾಯ್ತಾ ತೀರಿಕೊಂಡ."

ಶಾಹುಲ್ ಅಂಗೈ ಅಡಿಯಲ್ಲಿ ಪುಡಿ ಗಟ್ಟಿಯಾಗುವವರೆಗೆ ಒತ್ತಿ ಹಿಡಿಯುತ್ತಾರೆ. ಕೈ ಕೆಂಪಾಗಿದೆ. ಆಮೇಲೆ ಎದ್ದು ಪಾಯಸ್ ಇದ್ದಲ್ಲಿಗೆ ಹೋಗುತ್ತಾರೆ.

"ತನ್ನಿ, ಸೈನ್ ಹಾಕ್ತೇನೆ."

ಬೆಳಗಿನಿಂದ ಕುಚೋದ್ಯ ಮಾಡುತ್ತಿದ್ದ ಪಾಯಸ್ ಪೆನ್ನು ಕೊಡುವುದಿಲ್ಲ. "ಹೊತ್ತುಂಟಲ್ಲ. ಒಮ್ಮೆ ಮುರ್ಶಿದಾರಿಗೆ ಫೋನ್ ಮಾಡು."

"ಅವಳಿಗೆ ಮೊದಲೇ ಗೊತ್ತುಂಟು. ಆಚೆ ವಾರವೇ ಪೆಟ್ಟಿಗೆ ಹೊರಗೆ ತೆಗ್ದಿದ್ದಾಳೆ." ಪೆನ್ನನ್ನು ತಾವೇ ಪಾಯಸ್ ಕಿಸೆಯಿಂದ ಎತ್ತಿಕೊಳ್ಳುತ್ತಾರೆ. ಮರಗಟ್ಟಿದ ಬೆರಳಿಗೆ ಸಹಿ ಸರಿ ಬರುವುದಿಲ್ಲ. ಪಾಯಸ್ ಪರವಾಗಿಲ್ಲ ಎನ್ನುತ್ತಾರೆ.

ಆಟ ಮತ್ತೆ ಶುರುವಾಗಿದೆ. ತೇಪೆಯ ಮೇಲೆ ಸ್ಕೇಟುಗಳು ಹಾದುಹೋದಾಗಲೆಲ್ಲ ಶಾಹುಲ್ ಉಸಿರು ಬಿಗಿಹಿಡಿಯುತ್ತಾರೆ. ಅದು ಒಡೆಯುವುದಿಲ್ಲ. ಇನ್ನೇನು ಆಸೆ ಎಂದು ಮೆಲ್ಲಗೆ ಕೇಳುತ್ತೇನೆ. ತೇಪೆಯಿಂದ ಕಣ್ಣು ತೆಗೆಯದೆ ಹೇಳುತ್ತಾರೆ:

"ಅಲೀಮಾ ಹೋಗುವ ಮೊದಲು ಒಂದು ಬೆಳಿಗ್ಗೆ ಇಲ್ಲಿಗೆ ಬರಬೇಕು. ಆಗಷ್ಟೇ ಕಟ್ಟಿದ ಐಸ್ ಮೇಲೆ ಮೊದಲ ಗೆರೆ ಅವಳದ್ದಾಗಬೇಕು. ಬೀಳ್ತಾಳೆ, ಗೊತ್ತುಂಟು. ಬೀಳ್ಲಿ. ಸರಿ ಮಾಡ್ಲಿಕ್ಕೆ ನಾನಿದ್ದೇನಲ್ಲ."