ಗ್ಯಾರೇಜಿನಲ್ಲಿ ಅತ್ತಿಗೆಯ ಸ್ಟೂಲು

ನಮ್ಮ ಬೀದಿಯ ಮೆಕ್ಯಾನಿಕ್ಕಿಗೆ ಎಲ್ಲರೂ ಇಟ್ಟ ಹೆಸರು ಕಿವಿಯಣ್ಣ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಇಟ್ಟು, ಎಲ್ಲಿ ಏನು ಕೆಟ್ಟಿದೆಯೆಂದು ಹೇಳಿಬಿಡುತ್ತಿದ್ದ. ಮೂವತ್ತು ವರ್ಷ ಆ ಕಿವಿಯೇ ಅವನಿಗೆ ಅನ್ನ ಹಾಕಿದೆ. ಒಂದು ವರ್ಷದಿಂದ ಅವನ ಹೆಂಡತಿಯೂ ಗ್ಯಾರೇಜಿಗೆ ಬಂದು, ಸ್ಟೂಲಿನ ಮೇಲೆ ಬಟಾಣಿ ಬಿಡಿಸುತ್ತಲೋ ಗುಂಡಿ ಹೊಲಿಯುತ್ತಲೋ ಕೂರುತ್ತಾಳೆ. ಈ ವಯಸ್ಸಿನಲ್ಲೂ ಒಂದು ಗಳಿಗೆ ಬಿಟ್ಟಿರಲಾರರು ಎಂದು ಬೀದಿಯೆಲ್ಲ ನಗುತ್ತದೆ. ಅವಳನ್ನು ಅತ್ತಿಗೆ ಎಂದು ಕರೆಯುವ ನಾನೂ ನಕ್ಕವಳೇ.

ಮೊನ್ನೆ ಬೆಳಿಗ್ಗೆ ಆಸ್ಪತ್ರೆಯಲ್ಲಿ ಪಾಳಿ ಮುಗಿಸಿ ಹೊರಟರೆ ನನ್ನ ಹಳೇ ಕಾರು ಸ್ಟಾರ್ಟ್ ಆಗಲಿಲ್ಲ. ಯಾರ್‍ಯಾರಿಂದಲೋ ತಳ್ಳಿಸಿಕೊಂಡು ಹೇಗೋ ಗ್ಯಾರೇಜು ಮುಟ್ಟಿಸಿದೆ. ನಿಂತಲ್ಲೇ ನಿದ್ದೆ ಬರುವಷ್ಟು ದಣಿದಿದ್ದೆ. ಸ್ಟೂಲು ಖಾಲಿಯಿತ್ತು. ಅತ್ತಿಗೆಗೆ ಜ್ವರವಂತೆ.

ಕಿವಿಯಣ್ಣ ಹೆಡ್‌ಲೈಟ್ ಹಾಕಿಸಿ ನೋಡಿ, ಬ್ಯಾಟರಿ ಚೆನ್ನಾಗಿದೆ ಎಂದ. ನನಗೆ ಕೀಲಿ ತಿರುಗಿಸಲು ಹೇಳಿ ಎಂಜಿನ್ನಿನ ಮೇಲೆ ಬಗ್ಗಿದ. ಸದ್ದೇ ಇಲ್ಲ, ಕೀಲಿಯಿಂದ ಸ್ಟಾರ್ಟರಿಗೆ ಹೋಗುವ ವೈರು ಎಲ್ಲೋ ಕಡಿದಿದೆ ಎಂದ. ನನಗೇನೋ ಟಕ್ ಎಂದು ಕೇಳಿಸಿತ್ತು. ಆದರೆ ಕಿವಿಯಣ್ಣನಿಗೆ ಪಾಠ ಹೇಳಲು ನಾನ್ಯಾರು ಎಂದು ಸುಮ್ಮನಾದೆ. ಅವನು ಎರಡು ಗಂಟೆ ವೈರುಗಳನ್ನೆಲ್ಲ ಬಿಚ್ಚಿ ನೋಡಿದ. ಎಲ್ಲವೂ ಸರಿಯಾಗಿದ್ದವು. ನನ್ನ ತಾಳ್ಮೆ ಕೆಟ್ಟಿತು.

“ಅಣ್ಣ, ಕೀಲಿ ತಿರುಗಿಸಿದಾಗೆಲ್ಲ ಟಕ್ ಅಂತಾನೇ ಇದೆಯಲ್ಲ.”

ಅವನು ತಲೆಯೆತ್ತದೆ ಇನ್ನೊಂದು ವೈರು ಬಿಚ್ಚತೊಡಗಿದ. ಅವನ ಎದುರಿಗೆ ಹೋಗಿ ಜೋರಾಗಿ ಇನ್ನೊಮ್ಮೆ ಹೇಳಿದೆ. ಅವನು ಕೈಯಲ್ಲಿದ್ದ ವೈರು ಬಿಟ್ಟು ಮೆಲ್ಲಗೆ ಸ್ಟೂಲಿನ ಮೇಲೆ ಕುಳಿತ.

“ಟಕ್ ಅಂತಿದ್ಯಾ, ಸಿಸ್ಟರ್? ನಂಗೆ ಕೇಳಿಸ್ತಿಲ್ಲ. ಅವಳಿದ್ದಿದ್ರೆ ಹೇಳ್ತಿದ್ಲು.”

ನಾಚಿಕೆಯಾಯಿತು. ದಿನವೆಲ್ಲ ರೋಗಿಗಳ ಮಧ್ಯೆ ಓಡಾಡುವ ನನಗೆ ಒಂದು ವರ್ಷ ಇದು ಕಾಣಲಿಲ್ಲವಲ್ಲ. ಕಿವಿ ಹೋದ ವಿಷಯ ಬೀದಿಗೆ ತಿಳಿದರೆ ಒಬ್ಬನೂ ಗಾಡಿ ತರುವುದಿಲ್ಲ ಎಂದ ಅವನು. ಯಾರಿಗೂ ಹೇಳುವುದಿಲ್ಲ ಎಂದೆ.

ಟಕ್ ಎಂದರೆ ಕರೆಂಟು ಬರುತ್ತಿದೆ, ಸ್ಟಾರ್ಟರಿನ ಮೋಟಾರೇ ತಿರುಗುತ್ತಿಲ್ಲ ಎಂದರ್ಥವಂತೆ. ಇಷ್ಟಕ್ಕೆ ಬೆಟ್ಟ ಅಗೆದು ಇಲಿ ಹಿಡಿದ ಹಾಗಾಗಿತ್ತು. ಬ್ಯಾಟರಿಯ ಕೇಬಲ್ ತೆಗೆದು, ಕೆಳಗೆ ಮಲಗಿ, ಹಳೇ ಸ್ಟಾರ್ಟರ್ ಇಳಿಸಿ ಇನ್ನೊಂದನ್ನು ಕೂರಿಸಿದ. ಕೊನೆಯ ಬೋಲ್ಟು ಬಿಗಿಯುವ ಹೊತ್ತಿಗೆ ಅತ್ತಿಗೆ ಶಾಲು ಹೊದ್ದು, ಗೋಡೆ ಹಿಡಿದುಕೊಂಡು ಬಂದಳು. ಮಲಗಿ ಮಲಗಿ ಬೇಜಾರಾಯಿತಂತೆ. ಅವಳ ಮೈ ಮುಟ್ಟಿದೆ, ಕೆಂಡದಂತೆ ಸುಡುತ್ತಿತ್ತು.

ಕೀಲಿ ತಿರುಗಿಸಿದೆ. ಎಂಜಿನ್ ಒಂದೇ ಸಲಕ್ಕೆ ಸ್ಟಾರ್ಟಾಯಿತು. ಕಿವಿಯಣ್ಣ ಎಂಜಿನ್ ಕಡೆ ನೋಡಲೇ ಇಲ್ಲ, ಹೆಂಡತಿಯ ಮುಖ ನೋಡಿದ. ಅವಳು ತಲೆಯಾಡಿಸಿದ ಮೇಲೆಯೇ ಬಾನೆಟ್ ಮುಚ್ಚಿದ.

ಹೊರಡುವಾಗ ಎದುರಿನ ಟೈಲರು ನನ್ನನ್ನು ನಿಲ್ಲಿಸಿ, ನೋಡಿದ್ರಾ, ಜ್ವರ ಬಂದರೂ ಗಂಡನನ್ನು ಬಿಟ್ಟಿರೋಕಾಗಲ್ಲ ಎಂದು ಕಣ್ಣು ಮಿಟುಕಿಸಿದ.

“ಹೌದು, ಆಗಲ್ಲ,” ಎಂದು ನಾನೂ ಎಂದಿನಂತೆ ನಕ್ಕೆ.