ದವಡೆ ಕೂರಿಸುವ ಮುರಿಗೆಪ್ಪ

ಮುಂಬಯಿಯ ಭಾಂಡುಪಿನ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದ ಮುರಿಗೆಪ್ಪನಿಗೆ ಚಾಳಿನಲ್ಲಿ ಹೆಸರು ಬಂದದ್ದು ಜನರ ದವಡೆಗಳಿಂದ. ಆಕಳಿಸುವಾಗಲೋ ನಗುವಾಗಲೋ ಯಾರದಾದರೂ ಬಾಯಿ ತೆರೆದಂತೆಯೇ ಸಿಕ್ಕಿಕೊಂಡರೆ ಅವನ ಖೋಲಿಗೆ ಕರೆತರುತ್ತಿದ್ದರು. ಬಿಜಾಪುರದ ಇಂಡಿ ಕಡೆ ಗರಡಿ ಉಸ್ತಾದನಾಗಿದ್ದ ಅಪ್ಪನಿಂದ ಕಲಿತ ವಿದ್ಯೆ. ಎರಡೂ ಹೆಬ್ಬೆರಳಿಗೆ ಬಟ್ಟೆ ಸುತ್ತಿ, ಕೆಳಗಿನ ದವಡೆಹಲ್ಲುಗಳ ಮೇಲಿಟ್ಟು ಒತ್ತುತ್ತಿದ್ದ. ಕೀಲು ಕೂತ ಕ್ಷಣ ಬಾಯಿ ಬೋನಿನಂತೆ ಮುಚ್ಚುತ್ತದೆ, ಬಟ್ಟೆ ಅದಕ್ಕೆ. ಕೆಲಸ ಮುಗಿದ ಮೇಲೆ ಉಪನ್ಯಾಸವೂ ತಪ್ಪುತ್ತಿರಲಿಲ್ಲ.

"ಮೊಣಕೈ ಕೀಲು ಬಾಗಲದ ಬಿಜಾಗರಿ ಇದ್ದಂಗ, ಬರೇ ಮಡಚತೈತಿ. ದವಡಿ ಹಂಗಲ್ಲ. ಮೊದಲ ತಿರಗತೈತಿ, ಬಾಯಿ ದೊಡ್ಡದು ಮಾಡಿದ್ರ ಮುಂದಕ್ಕ ಜಾರತೈತಿ. ಅಲ್ಲೊಂದು ದಿಬ್ಬ ಐತಿ. ಅದನ್ನ ದಾಟಿತೋ, ತಾನಾಗಿ ಹೊಳ್ಳಿ ಬರೂದಿಲ್ಲ."

ಇಷ್ಟೆಲ್ಲ ಬಲ್ಲವನಿಗೆ ಸ್ವಂತ ಮನೆಯ ದವಡೆ ಸಿಕ್ಕಿಕೊಂಡದ್ದು ಗೊತ್ತಾಗಲು ಒಂದೂವರೆ ದಿನ ಬೇಕಾಯಿತು.

ಅದು ೧೯೭೪ರ ಮೇ ತಿಂಗಳು, ರೈಲು ಮುಷ್ಕರದ ಸಮಯ. ಅದೇ ಖೋಲಿಯಲ್ಲಿದ್ದ ಮುರಿಗೆಪ್ಪನ ತಮ್ಮ ಖಂಡಪ್ಪ ಕಟ್ಟಡದ ಕೆಲಸಕ್ಕೆಂದು ಗೋರೆಗಾಂವಿಗೆ ಹೋದವನು ರೈಲಿಲ್ಲದೆ ಅಲ್ಲೇ ಉಳಿದಿದ್ದ. ಅವನ ಹೆಂಡತಿ ಭಾಗವ್ವ ಬೆಳಿಗ್ಗೆ ಸ್ಟೋವ್ ಹಚ್ಚುತ್ತ ಆಕಳಿಸಿದಳು; ಬಾಯಿ ಮುಚ್ಚಲಿಲ್ಲ. ಗಂಡನ ಅಣ್ಣನೆದುರು ಮುಖ ತೋರಿಸಬಾರದು, ಮಾತಾಡಬಾರದು ಎಂಬುದು ಆ ಮನೆಯ ರೀತಿ. ಸೆರಗನ್ನು ಗದ್ದದವರೆಗೆ ಎಳೆದುಕೊಂಡು ಗೋಡೆಗೆ ಮುಖ ಮಾಡಿ ಕೂತಳು. ಉಣ್ಣಲಿಲ್ಲ, ನೀರು ಕುಡಿಯಲಿಲ್ಲ. ಗಂಡ ಬರಲಿಲ್ಲವೆಂಬ ಮುನಿಸು ಎಂದುಕೊಂಡಳು ಮುರಿಗೆಪ್ಪನ ಹೆಂಡತಿ ದೇವಕ್ಕ. ಮರುದಿನ ಮಧ್ಯಾಹ್ನ ಜೊಲ್ಲಿನಿಂದ ಸೆರಗು ತೊಯ್ದದ್ದು ಕಂಡು ಎತ್ತಿ ನೋಡಿದವಳು ಕಿರುಚಿಕೊಂಡಳು.

ಆಸ್ಪತ್ರೆಗೆ ಹೋಗೋಣವೆಂದರೆ ಲೋಕಲ್ ಇಲ್ಲ, ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಹೊತ್ತು ಕಳೆದಷ್ಟೂ ಕೀಲಿನ ಸುತ್ತಲ ಸ್ನಾಯು ಬಿಗಿಯುತ್ತದೆ, ಆಮೇಲೆ ಯಾರ ಕೈಗೂ ಜಗ್ಗುವುದಿಲ್ಲ. ಇದು ಮುರಿಗೆಪ್ಪನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ಅಡ್ಡ ಕಟ್ಟಿದ ಸೀರೆಯ ಆಚೆಯೇ ನಿಂತ.

"ತಮ್ಮನ ಹೇಂತಿ. ನಾ ಹ್ಯಾಂಗ ಮುಟ್ಟಲಿ? ನೀನಽ ಮಾಡು."

ದೇವಕ್ಕ ಬೆರಳಿಗೆ ಬಟ್ಟೆ ಸುತ್ತಿ ದಬ್ಬಿದಳು. ಭಾಗವ್ವ ನರಳಿದಳು.

"ಹಿಂದಕ್ಕ ದಬ್ಬಬ್ಯಾಡ, ದಿಬ್ಬಕ್ಕ ಬಡೀತೈತಿ! ಮೊದಲ ಕೆಳಗ ಒತ್ತು, ಆಮ್ಯಾಲ ಹಿಂದಕ್ಕ."

ಮೂರು ಸಲ ಒತ್ತಿದರೂ ಕೀಲು ಅಲುಗಲಿಲ್ಲ. ಸೀರೆಯಾಚೆ ಉಪನ್ಯಾಸ ಮಾತ್ರ ನಡೆದೇ ಇತ್ತು. ಊರಿಗೆ ಉಪಕಾರಿ, ಮನೆಗೆ ಮಾರಿ. ನೆನೆದರೆ, ಪಕ್ಕದ ಖೋಲಿಯಲ್ಲಿದ್ದ ನನಗೆ ಈಗಲೂ ಸಿಟ್ಟು ಬರುತ್ತದೆ.

ಕೊನೆಗೆ ದೇವಕ್ಕ ಕೈಬಿಟ್ಟಳು. "ನಿಮ್ಮ ಮರ್ಯಾದಿ ಆಕಿ ಬಾಯಾಗ ಸಿಕ್ಕೊಂಡೈತಿ. ಬಂದು ತಗೀರಿ."

ಮುರಿಗೆಪ್ಪ ಒಳಗೆ ಬಂದ. ಮುಖ ಕಾಣದಂತೆ ಅವಳ ಬೆನ್ನ ಹಿಂದೆ ನಿಂತು, ತಲೆಯನ್ನು ತನ್ನ ಹೊಟ್ಟೆಗೆ ಒರಗಿಸಿಕೊಂಡು, ಹೆಬ್ಬೆರಳಿಟ್ಟು ಕೆಳಗೆ ಒತ್ತಿದ, ಬಹಳ ಹೊತ್ತು ಒತ್ತಿಯೇ ಹಿಡಿದ, ಆಮೇಲೆ ಹಿಂದಕ್ಕೆ ಸರಿಸಿದ. ಲಟಕ್ಕೆಂದು ಕೀಲು ಕೂತಿತು. ಗದ್ದದಿಂದ ನೆತ್ತಿಗೆ ಬಟ್ಟೆ ಕಟ್ಟಿ, ದೇವಕ್ಕನ ಕಡೆ ತಿರುಗಿದ.

"ಎಂಟು ದಿನ ಬಾಯಿ ದೊಡ್ಡದು ಮಾಡಬ್ಯಾಡ ಅಂತ ಹೇಳು ಆಕಿಗೆ."

ಭಾಗವ್ವ ಸೆರಗು ಎಳೆದುಕೊಳ್ಳದೆಯೇ ತಿರುಗಿ ಕೂತಳು. ಕಟ್ಟಿದ ಬಟ್ಟೆಯೊಳಗಿಂದ, ಹಲ್ಲು ಬಿಡದೆ ಹೇಳಿದಳು.

"ನನಗ ಹೇಳ್ರಿ, ಭಾವಾರ. ನಾ ಇಲ್ಲೇ ಅದೀನಿ."

ಮುರಿಗೆಪ್ಪ ನೆಲ ನೋಡುತ್ತಲೇ ಅವಳಿಗೇ ಹೇಳಿದ.